ಆಕ್ಟೋಪಸ್ಸಿಗೆ ಬೈಯುವ ಮೈಕು

ನನ್ನ ತಮ್ಮ ಸೇಜಿ ತಂತಿಗಳ ಜೊತೆ ಸಂಸಾರ ಮಾಡುವವನು. ಮನುಷ್ಯರ ಜೊತೆ ಮಾತಾಡಬೇಕಾಗಿ ಬಂದರೆ ನನ್ನ ಮುಖ ನೋಡುತ್ತಾನೆ. ಒಸಾಕಾದ ಚಾವಣಿ ಹೊದ್ದ ಅಂಗಡಿಬೀದಿಯಲ್ಲಿ ಅಪ್ಪ ಬಿಟ್ಟುಹೋದ ರಿಪೇರಿ ಅಂಗಡಿ ನಮ್ಮದು. ಒಳಗೆ ಕೂತು ಬೆಸುಗೆ ಹಾಕುವವನು ಅವನು, ಗಲ್ಲಾದಲ್ಲಿ ಕೂತು ಅವನ ಪಾಲಿನದೂ ಸೇರಿಸಿ ಮಾತಾಡುವವಳು ನಾನು. ಇಬ್ಬರಿಗೂ ಮದುವೆಯಾಗಿಲ್ಲ. ಯಾಕೆಂದು ಬೀದಿಯಲ್ಲಿ ಯಾರೂ ಕೇಳುವುದಿಲ್ಲ, ನೋಡಿದರೇ ಗೊತ್ತಾಗುತ್ತದೆ.

ಅವನಿಗೆ ಹೆಸರು ತಂದದ್ದು ಒಂದೇ ಕೆಲಸ. ನಾವು ಚಿಕ್ಕವರಿದ್ದಾಗ ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಆಟದ ಯಂತ್ರಗಳಿವೆಯಲ್ಲ, ಅವಕ್ಕೆ ಈಗಿನ ಆರ್ಕೇಡ್ ಮಾದರಿಯ ಪೆಟ್ಟಿಗೆ ಜೋಡಿಸಿಕೊಡುತ್ತಾನೆ. ಎಡಗೈಗೆ ಗುಂಡುತಲೆಯ ಕೋಲು, ಬಲಗೈಗೆ ಅಗಲವಾದ ಗುಂಡಿಗಳು. ಹೊಸ ಪೆಟ್ಟಿಗೆಯ ಮಾತು ಹಳೆಯ ಯಂತ್ರಕ್ಕೆ ಅರ್ಥವಾಗುವುದಿಲ್ಲವಂತೆ. ನಡುವೆ ಇನ್ನೊಂದು ಯಂತ್ರ ಇಟ್ಟರೆ ಆಟ ತಡವಾಗುತ್ತದಂತೆ. ಗುಂಡಿ ಒತ್ತಿದ ಮೇಲೆ ಪರದೆಯ ಬೊಂಬೆ ಹಾರುವುದು ಒಂದಿಷ್ಟು ತಡವಾದರೂ ಇವನಿಗೆ ಊಟ ಸೇರುವುದಿಲ್ಲ. ನಾನು ಊಟಕ್ಕೆ ಕರೆದರೆ ಮಾತ್ರ ಎಷ್ಟು ತಡವಾದರೂ ಚಿಂತೆಯಿಲ್ಲ.

ಒಂದು ದಿನ ಎದುರು ಸಾಲಿನ ತೊಮಿಯೆ ಸಾನ್ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಅಂಥದ್ದೊಂದು ಯಂತ್ರ ತಂದರು. ಗಂಡ ಹೆಂಡತಿ ಸೇರಿ, ಎಲೆಕೋಸು ಹಾಕಿದ ದಪ್ಪ ದೋಸೆಯಂಥ ಒಕೊನೊಮಿಯಾಕಿಯ ಅಂಗಡಿ ನಡೆಸುತ್ತಾರೆ. ವಸಂತದಲ್ಲಿ ಗಂಡ ಕಿಯೊಹರು ಅವರಿಗೆ ಲಕ್ವ ಹೊಡೆದಿತ್ತು.

"ಸೇಜಿ, ಇದಕ್ಕೊಂದು ದೊಡ್ಡ ಗುಂಡಿ ಹಾಕ್ಕೊಡಪ್ಪ. ನಮ್ಮ ಯಜಮಾನ್ರ ಬಲಗೈ ಬೆರಳಿಗೆ ಈ ಪುಟಾಣಿ ಗುಂಡಿ ಸಿಕ್ತಾನೇ ಇಲ್ಲ."

ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಬೆರಳು ಹೋದ್ರೆ ಹೋಗ್ಲಿ ಕಣೆ ನೊಬುಯೊ. ಬಾಯಿಗೇ ಬೀಗ ಹಾಕ್ಕೊಂಡಿದಾರೆ. ಮಾತು ತೊದಲುತ್ತೆ ಅಂತ ನಾಚಿಕೆ. ಮಾತು ಕಲಿಸೋ ಹುಡುಗಿ ಬಂದು 'ಅ, ಇ, ಉ ಅನ್ನಿ ತಾತ' ಅಂದ್ರೆ ಗೋಡೆ ಕಡೆ ತಿರುಗ್ತಾರೆ. ಈಗ ಸುಮ್ನೆ ಕೂತ್ರೆ ಆಮೇಲೆ ಬಾಯಿ ಹಾಗೇ ನಿಂತುಬಿಡುತ್ತಂತೆ."

"ಆಟಕ್ಕೂ ಬಾಯಿಗೂ ಏನ್ ಸಂಬಂಧ?"

"ಆಡೋಕೆ ಕೂತ್ರೆ ಅವರ ಬಾಯಿ ತಾನಾಗೇ ಬಿಟ್ಕೊಳ್ಳುತ್ತೆ. ಮುಂಚಿನ ಥರಾನೇ ಆಡ್ಬೇಕು, ಅಷ್ಟೆ."

ಅದು ನಿಜವಿದ್ದೀತು ಅನ್ನಿಸಿತು. ಮಧ್ಯಾಹ್ನದ ಗಿರಾಕಿಗಳು ಹೋದ ಮೇಲೆ ಅವರಿಬ್ಬರೂ ಅಂಗಡಿ ಮುಚ್ಚಿದೆ ಎನ್ನುವ ಗುರುತಿಗೆ ಬಾಗಿಲ ಪರದೆ ಒಳಗೆ ತೆಗೆದಿಟ್ಟು ಆಡಲು ಕೂರುತ್ತಿದ್ದರು. ಆಗ ಕಿಯೊಹರು ಅವರ ಆರ್ಭಟ ಬೀದಿಗೆಲ್ಲ ಕೇಳುತ್ತಿತ್ತು. ಪಾಪ, ದಿನಾ ಸೋಲುತ್ತಾರೆ ಎಂದುಕೊಂಡಿದ್ದೆ.

ಸೇಜಿಯ ಕಿವಿಗೆ ಬಿದ್ದದ್ದು 'ಬೆರಳು' ಎಂಬ ಪದ ಮಾತ್ರ. ಮಾರನೆಯ ದಿನವೇ ಹೋಗಿ, ಹೇಗಿದ್ದೀರಿ ಎಂದೂ ಕೇಳದೆ, ದರ್ಜಿಯ ಹಾಗೆ ಕಿಯೊಹರು ಅವರ ಅಂಗೈ ಅಳೆದುಕೊಂಡು ಬಂದ. ಅವರು ಕೈ ಒಡ್ಡಿ ಕೂತರೇ ಹೊರತು ತುಟಿ ಬಿಚ್ಚಲಿಲ್ಲ. ಆಮೇಲೆ ಸೇಜಿ ಊಟ ನಿದ್ದೆ ಮರೆತ. ಬಲಗೈ ಮುಷ್ಟಿಯಿಂದ ಗುದ್ದಿದರೂ ಸಾಕು ಎನ್ನುವಂಥ ಗುಂಡಿ ಹಾಕಿದ, ಸ್ಪ್ರಿಂಗ್ ಮೆತ್ತಗೆ ಮಾಡಿದ. ಆ ಯಂತ್ರದಲ್ಲಿ ಇಬ್ಬರು ಆಟಗಾರರು ಕೈಯಲ್ಲಿ ಹಿಡಿದು ಒತ್ತುವ ಹಿಡಿಗಳೂ ತಂತಿಯಿಂದ ಯಂತ್ರಕ್ಕೇ ಅಂಟಿಕೊಂಡಿರುತ್ತವೆ. ಕಿಯೊಹರು ಯಾವಾಗಲೂ ಎರಡನೇ ಆಟಗಾರ. ಆ ಎರಡನೇ ಹಿಡಿಯನ್ನು ಕತ್ತರಿಸಿ, ಅದರ ತಂತಿಗಳನ್ನು ಒಂದೊಂದಾಗಿ ನೇರ ಹೊಸ ಪೆಟ್ಟಿಗೆಗೆ ಬೆಸೆದ.

"ಒಂದು ತಂತಿ ಉಳಿದಿದೆಯಲ್ಲೋ," ಎಂದೆ ನಾನು.

"ಅದ್ಯಾವುದಕ್ಕೂ ಬೇಡ ಅಕ್ಕ. ಗುಂಡಿದಲ್ಲ, ಕೋಲಿಂದಲ್ಲ."

ಅದಕ್ಕೆ ಟೇಪು ಸುತ್ತಿ ಮೂಲೆಗೆ ತುರುಕಿದ. ಹಳೆಯ ಹಿಡಿ ಅವನ ಡ್ರಾಯರಿನ ಪಾಲಾಯಿತು. ಆ ಡ್ರಾಯರಿಗೆ ಹೋದದ್ದು ಮರಳಿ ಬಂದದ್ದನ್ನು ನಾನು ಕಂಡಿಲ್ಲ.

ಪೆಟ್ಟಿಗೆ ಕೊಡಲು ನಾನೂ ಹೋದೆ. ಒಕೊನೊಮಿಯಾಕಿ ಕಾವಲಿಯ ಪಕ್ಕದ ಟೀವಿಯಲ್ಲಿ ಎರಡು ದೋಣಿಗಳು ಬಂದವು. ಬಂದರಿನಲ್ಲಿ ಆಕ್ಟೋಪಸ್ ಹಿಡಿಯುವ ಆಟ. ಕಿಯೊಹರು ಕೋಲು ಹಿಡಿದು ಮುಷ್ಟಿಯಿಂದ ಗುಂಡಿ ಗುದ್ದಿದರು. ದೋಣಿ ಅವರ ಕೈಯ ಮಾತು ಕೇಳಿತು. ಅವರ ಹುಬ್ಬು ಮೇಲೇರಿತು. ನನ್ನ ತಮ್ಮನ ಮುಖ ನೋಡಬೇಕಿತ್ತು, ಮಗಳನ್ನು ಒಳ್ಳೆಯ ಮನೆಗೆ ಕೊಟ್ಟವನ ಹಾಗೆ ಬೀಗುತ್ತಿದ್ದ.

ಅಷ್ಟರಲ್ಲಿ ಒಂದು ದೊಡ್ಡ ಆಕ್ಟೋಪಸ್ ಅವರ ದೋಣಿಯನ್ನು ತಬ್ಬಿಕೊಂಡಿತು. ಕಿಯೊಹರು ತಟ್ಟನೆ ಬಗ್ಗಿ, ಪೆಟ್ಟಿಗೆಯನ್ನು ಬಾಯಿಯ ಹತ್ತಿರ ತಂದು, ಬಾಯಿ ತೆರೆದರು. ಪೆಟ್ಟಿಗೆಯ ಆ ಮೈ ಈ ಮೈ ತಿರುಗಿಸಿ ಹುಡುಕಿದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಪೆಟ್ಟಿಗೆ ಕೆಳಗಿಟ್ಟು ಎದ್ದು, ಅಡಿಗೆಮನೆಗೆ ಹೋಗಿ ಎಡಗೈಯಲ್ಲಿ ಎಲೆಕೋಸು ಹೆಚ್ಚತೊಡಗಿದರು.

"ಸೇಜಿ," ಎಂದರು ತೊಮಿಯೆ ಸಾನ್, "ಮೈಕ್ ಎಲ್ಲಪ್ಪ?"

ನನ್ನ ತಮ್ಮ ತೋಫುವಿನಷ್ಟು ಬಿಳಿಚಿಕೊಂಡ. ಎರಡನೇ ಹಿಡಿಯಲ್ಲಿ ಒಂದು ಪುಟ್ಟ ಮೈಕು ಇತ್ತಂತೆ. ಅದು ಅವನಿಗೆ ಗೊತ್ತೂ ಇತ್ತಂತೆ.

"ಅದನ್ನ... ಅದನ್ನ ಯಾರೂ ಬಳಸಲ್ಲ ತೊಮಿಯೆ ಸಾನ್."

"ನಮ್ಮನೇಲಿ ಬಳಸೋದು ಅದೊಂದನ್ನೇ. ಎರಡನೇಯವನು ಕೂಗಿದ್ರೆ ಆಕ್ಟೋಪಸ್ ಅವನನ್ನ ಬಿಟ್ಟು ನನ್ನ ದೋಣಿಗೆ ಬರುತ್ತೆ. ಅದಕ್ಕೇ ಅವರು ಜನ್ಮದಲ್ಲಿ ಮೊದಲನೇಯವರಾಗಿ ಆಡಿಲ್ಲ. ನನಗೆ ಬೈಯೋದನ್ನೆಲ್ಲ ಆಕ್ಟೋಪಸ್ಸಿಗೆ ಬೈತಾರೆ." ಪೆಟ್ಟಿಗೆಯನ್ನು ಸೇಜಿಯ ಮುಂದಕ್ಕೆ ತಳ್ಳಿದರು. "ಆ ಮೈಕಿಗೆ ಮಾತು ಗೊತ್ತಾಗಲ್ಲ ಕಣೋ, ಗದ್ದಲ ಆದ್ರೆ ಸಾಕು. ತೊದಲಿದ್ರೂ ಅದಕ್ಕೆ ಒಂದೇ. ಅದಕ್ಕೇ ತಾನೆ ನಿನ್ನ ಹತ್ರ ಬಂದಿದ್ದು."

ಈ ಮೂರ್ಖ ಸೇಜಿ, ಕೈಗೆ ಪೆಟ್ಟಿಗೆ ಮಾಡಿ ಬಾಯಿಗೆ ಬಟ್ಟೆ ತುರುಕಿದ್ದ.

"ಸರಿಯಾಗಿ ಮಾಡ್ಬೇಕು ಅಂದ್ರೆ ಮುಂದಿನ ವಾರ..." ಎಂದು ಶುರು ಮಾಡಿದ.

"ಮುಂದಿನ ವಾರ ನಿನ್ನ ತಲೆ. ಈಗ ಎದ್ದೇಳು," ಎಂದೆ.

ನಮ್ಮ ಅಂಗಡಿಗೆ ಬಂದು ಅವನ ಡ್ರಾಯರನ್ನು ನೆಲಕ್ಕೆ ಬೋರಲು ಹಾಕಿದೆ. ನನ್ನ ಕಳೆದುಹೋದ ಕನ್ನಡಕ ಸಿಕ್ಕಿತು, ಅಪ್ಪನ ಹಲ್ಲಿನ ಸೆಟ್ಟು ಸಿಕ್ಕಿತು, ಕೊನೆಗೆ ಹಿಡಿಯೂ ಸಿಕ್ಕಿತು. ಅದನ್ನೂ ಬೆಸುಗೆ ಸಾಮಾನನ್ನೂ ಹೊತ್ತು ಎದುರು ಅಂಗಡಿಗೆ ಮರಳಿದೆವು. ಸೇಜಿ ಅದರ ಹೊಟ್ಟೆಯಿಂದ ಮೈಕು ಕಿತ್ತು, ಪೆಟ್ಟಿಗೆಯಲ್ಲಿ ಉಳಿದಿದ್ದ ತಂತಿಗೆ ಬೆಸೆದ. ಎರಡು ಕೈಯೂ ಪೆಟ್ಟಿಗೆಯ ಮೇಲಿರುವಾಗ ಬಾಯಿಗೆ ಮೈಕು ಹಿಡಿಯುವವರು ಯಾರು? ತೊಮಿಯೆ ಸಾನ್ ತಮ್ಮ ಉದ್ದನೆಯ ಸೌಟು ಕೊಟ್ಟರು. ಅದನ್ನು ಪೆಟ್ಟಿಗೆಗೆ ನೆಟ್ಟಗೆ ಕಟ್ಟಿ, ಸೌಟಿನ ಬಟ್ಟಲಿಗೆ ಮೈಕು ಅಂಟಿಸಿದ್ದಾಯಿತು. ಎಷ್ಟು ಅಚ್ಚುಕಟ್ಟಾಗಿದ್ದ ಪೆಟ್ಟಿಗೆ ಎಂದು ಸೇಜಿ ಗೊಣಗಿದ. ನಾನು ಅವನ ಕಾಲು ತುಳಿದೆ.

ಕಿಯೊಹರು ಮಾತ್ರ ಅಡಿಗೆಮನೆ ಬಿಟ್ಟು ಬರಲಿಲ್ಲ. ತೊಮಿಯೆ ಸಾನ್ ಕರೆಯಲೂ ಇಲ್ಲ. ತಾವೇ ಆಟ ಶುರು ಮಾಡಿ, ನಿಂತಲ್ಲೇ ನಿಂತಿದ್ದ ಗಂಡನ ದೋಣಿಯ ಮೂಗಿನ ಕೆಳಗಿನ ಆಕ್ಟೋಪಸ್‌ಗಳನ್ನೆಲ್ಲ ಬಾಚತೊಡಗಿದರು.

"ಇದು ನನ್ನದು. ಇದೂ ನನ್ನದು. ರೀ, ನೀವು ಕೋಸೇ ಹೆಚ್ಕೊಳ್ಳಿ, ಪರವಾಗಿಲ್ಲ. ಈ ದಪ್ಪನೇದೂ ನನಗೇ ಆಯ್ತು."

ಚಾಕುವಿನ ಸದ್ದು ನಿಂತಿತು. ಕಿಯೊಹರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಕೂತರು. ಸೌಟನ್ನು ಒಂದು ಸಲ, ನನ್ನ ತಮ್ಮನನ್ನು ಒಂದು ಸಲ ನೋಡಿದರು. ಯಾರಿಗೆ ಬುದ್ಧಿ ಕಡಿಮೆ ಎಂದು ಲೆಕ್ಕ ಹಾಕಿದಂತಿತ್ತು.

ಆಕ್ಟೋಪಸ್ ಬಂದು ತಬ್ಬಿತು. ಅವರು ನಮ್ಮಿಬ್ಬರತ್ತ ನೋಡಿದರು. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ನನಗೂ ಎದ್ದು ಹೋಗಿಬಿಡೋಣ ಅನ್ನಿಸಿತು.

"ಇವರ್ಯಾರೂ ಇಲ್ಲ ಅಂದ್ಕೊಳ್ಳಿ," ಎಂದರು ತೊಮಿಯೆ ಸಾನ್, ಪರದೆಯಿಂದ ಕಣ್ಣು ತೆಗೆಯದೆ. "ಮುಳುಗ್ತಾ ಇದೀರ."

"ಊ..."

ಗಂಟಲಲ್ಲಿ ಏನೋ ಸಿಕ್ಕಿಕೊಂಡ ಸದ್ದು ಅದು. ಆದರೂ ಆಕ್ಟೋಪಸ್ ಒಂದು ಕಾಲು ಸಡಿಲಿಸಿತು. ಕಿಯೊಹರು ಬೆಚ್ಚಿದರು. ಇನ್ನೂ ಜೋರಾಗಿ, "ಊಊ... ಉದು... ಕೀ..." ಎಂದರು. ಆಕ್ಟೋಪಸ್ ಕೈಬಿಟ್ಟು ಹೆಂಡತಿಯ ದೋಣಿಗೆ ನೆಗೆಯಿತು.

"ಯಾರನ್ರೀ ಮುದುಕಿ ಅಂತಿರೋದು?"

"ಮುದು... ಕಿ! ಓಗು! ಓಗು... ಅಲ್ಲಿ!"

ಆಮೇಲೆ ತಡೆಯುವವರೇ ಇಲ್ಲ. ವಸಂತದಿಂದ ಕೂಡಿಟ್ಟ ಬೈಗುಳವೆಲ್ಲ ಆ ಸೌಟಿಗೆ ಸುರಿಯಿತು. ಅರ್ಧ ಬೈಗುಳ ನಮಗೆ ಅರ್ಥವಾಗಲಿಲ್ಲ, ಆಕ್ಟೋಪಸ್‌ಗಳಿಗೆ ಎಲ್ಲವೂ ಅರ್ಥವಾಯಿತು. ಸಾಲುಗಟ್ಟಿ ಹೋಗಿ ತೊಮಿಯೆ ಸಾನ್ ಅವರ ದೋಣಿಯನ್ನು ಮುಳುಗಿಸಿದವು. ಎದುರಿನ ಮೀನಂಗಡಿಯವನು ಓಡಿಬಂದು ಬಾಗಿಲಲ್ಲಿ ಇಣುಕಿ, ಜಗಳ ಎಂದುಕೊಂಡು ಹಾಗೇ ವಾಪಸು ಹೋದ.

ತೊಮಿಯೆ ಸಾನ್ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಕಿಯೊಹರು ಅದನ್ನು ನೋಡಿದರು. ಸೌಟನ್ನು ಪಕ್ಕಕ್ಕೆ ಸರಿಸಿ, ಹೆಂಡತಿಯ ಕಡೆ ಬಗ್ಗಿ, ಒಂದೊಂದೇ ಪದ ಹುಡುಕಿ ಹುಡುಕಿ ಹೇಳಿದರು.

"ಅಳ್... ಬೇಡ ಕಣೆ. ಬರೀ... ಸೋತಿದೀಯ. ಅಷ್ಟೆ."