ಬಡವರ ಗ್ಯಾಸು

ಜೊಯಿಲಾಳ ಮನೆ ತುಂಬ ನೀಲಗಿರಿ ಸೌದೆಯ ಹೊಗೆ. ಅವಳು ಕೆಲಸಕ್ಕಿದ್ದ, ಊರಿನ ಸಾಹುಕಾರ ಡಾನ್ ಎಫ್ರೆನ್‌ನ ಬಂಗಲೆಯ ಈಜುಕೊಳದ ತುಂಬ ಬಿಸಿನೀರಿನ ಹಬೆ. ಬಡವರ ಒಲೆಗೆಂದು ಸರ್ಕಾರ ಅಗ್ಗದಲ್ಲಿ ಕಳಿಸುವ ಸಿಲಿಂಡರುಗಳು ಊರಿನ ಅಂಗಡಿ ಸೇರುವ ಮೊದಲೇ ಆ ಬಂಗಲೆಯಲ್ಲಿ ಇಳಿಯುತ್ತಿದ್ದವು. ಅಂಗಡಿಯೂ ಅವನದೇ. ಆ ಸಿಲಿಂಡರುಗಳನ್ನು ಕೊಳದ ಬಾಯ್ಲರಿಗೆ ಜೋಡಿಸುವುದು ಜೊಯಿಲಾಳ ಕೆಲಸ. ಆಂಡೀಸ್ ಬೆಟ್ಟದ ಚಳಿಯಲ್ಲಿ ಯಜಮಾನನ ಹೊಟ್ಟೆ ಬೆಚ್ಚಗೆ ತೇಲುತ್ತಿತ್ತು. ಇತ್ತ ಹಸಿ ಸೌದೆಯಲ್ಲಿ ಆಲೂಗಡ್ಡೆ ಬೇಯುವಷ್ಟರಲ್ಲಿ ಅವಳ ಮಕ್ಕಳು ನಿದ್ದೆ ಹೋಗಿರುತ್ತಿದ್ದರು.

ಆ ವರ್ಷ ಮಳೆಗಾಲದ ಗಾಳಿಗೆ ಶಾಲೆಯ ಚಾವಣಿಯ ತಗಡು ಹಾರಿಹೋಯಿತು. ಮಗ್ಗಿಗಿಂತ ಮಕ್ಕಳ ಕೆಮ್ಮೇ ಜೋರಾಗಿ ಕೇಳಿಸುತ್ತಿತ್ತು. ಜೊಯಿಲಾ ಮತ್ತು ಉಳಿದ ತಾಯಂದಿರು ಅಲೆದಲೆದು ಕೇಳಿಕೊಂಡ ಮೇಲೆ ರಾಜಧಾನಿಯಿಂದ ಸಾಹೇಬನೊಬ್ಬ ಬಂದ. ತಲೆಯೆತ್ತಿ ನೋಡಿದ. ಆಕಾಶ ಚೆನ್ನಾಗಿಯೇ ಕಾಣುತ್ತಿತ್ತು.

"ಏನ್ಮಾಡೋದಮ್ಮಾ, ಸರ್ಕಾರದ ದುಡ್ಡೆಲ್ಲ ನಿಮ್ಮಂಥ ಬಡವರ ಗ್ಯಾಸಿಗೇ ಹೋಗ್ತಿದೆ. ಸ್ಕೂಲಿಗೆ ಉಳಿಯೋದೇನು? ನೀವೂ ಸ್ವಲ್ಪ ಕಮ್ಮಿ ಉರಿಸಿ."

ಆ ಹೆಂಗಸರಲ್ಲಿ ಗ್ಯಾಸ್ ಒಲೆ ಇದ್ದದ್ದು ಎರ್ಮೆಲಿಂದಾಳ ಮನೆಯಲ್ಲಿ ಮಾತ್ರ. ಅದರ ಮೇಲೆ ಕೋಳಿ ಕಾವಿಗೆ ಕೂತಿತ್ತು.

ಮಾರನೆಯ ದಿನ ಜೊಯಿಲಾ ಬಂಗಲೆಗೆ ಹೋದರೆ ಅದೇ ಸಾಹೇಬ ಯಜಮಾನನ ಜೊತೆ ಕೊಳದಲ್ಲಿ ಕತ್ತಿನವರೆಗೆ ಮುಳುಗಿ ನಗುತ್ತಿದ್ದಾನೆ. ಟವೆಲ್ ತರಲು ಹೇಳಿದರು. ಅವಳು ಟವೆಲುಗಳ ಜೊತೆಗೆ ಕುರ್ಚಿಯ ಮೇಲಿದ್ದ ಇಬ್ಬರ ಪ್ಯಾಂಟನ್ನೂ ಬಾಚಿಕೊಂಡು ನೇರ ಶಾಲೆಗೆ ನಡೆದಳು. ನಾವು ಉರಿಸಿದ ಗ್ಯಾಸು ನೋಡೋಣ ಬನ್ನಿ ಎಂದು ಎಲ್ಲರನ್ನೂ ಕರೆದಳು.

ಸ್ವಲ್ಪ ಹೊತ್ತಿಗೆ ತಾಯಂದಿರು, ಮಕ್ಕಳು, ಕರಿಹಲಗೆ ಹೊತ್ತ ಮೇಷ್ಟ್ರು, ಎಲ್ಲರೂ ಕೊಳದ ಸುತ್ತ ಸೇರಿದರು. ಮಕ್ಕಳು ಧುಮುಕಿದರು. ಅಂದು ಮಗ್ಗಿ ಕೆಮ್ಮಿಲ್ಲದೆ ಸಾಗಿತು. ಡಾನ್ ಎಫ್ರೆನ್ ಪೊಲೀಸರಿಗೆ ಫೋನ್ ಮಾಡುತ್ತೇನೆಂದು ಹೆದರಿಸಿದ. ಫೋನು ಪ್ಯಾಂಟಿನಲ್ಲಿತ್ತು.

ಸಾಹೇಬ ದನಿ ತಗ್ಗಿಸಿದ. "ಅಕ್ಕಾ, ಪ್ಯಾಂಟ್ ಕೊಟ್ಬಿಡಿ. ಇಷ್ಟು ಹೆಂಗಸರ ಮುಂದೆ ಬರೀ ಚಡ್ಡೀಲಿ ಹೇಗೆ ಬರ್ಲಿ?"

"ದುಡ್ಡೆಲ್ಲ ಗ್ಯಾಸಿಗೆ ಹೋಯ್ತು ಅಂದ್ರಲ್ಲ ಸ್ವಾಮಿ, ಆ ಗ್ಯಾಸಲ್ಲೇ ಕುಂತಿದೀರಿ. ಬೆಚ್ಚಗಿರಿ," ಎಂದಳು ಜೊಯಿಲಾ. "ನಮ್ಮ ಸ್ಕೂಲು ಮಳೆಗಾಲದಿಂದ ಬತ್ತಲೆ ನಿಂತೈತೆ. ಅದಕ್ಕೇನು ನಾಚಿಕೆ ಆಗಕಿಲ್ವಾ?"

ಅವತ್ತೇ ಅವಳ ಕೆಲಸ ಹೋಯಿತು. ತಗಡೂ ಬರಲಿಲ್ಲ. ಆದರೆ ಮುಂದಿನ ಸಲ ಗ್ಯಾಸಿನ ಲಾರಿ ಬೆಟ್ಟ ಹತ್ತಿ ಬಂದಾಗ ಬಂಗಲೆಗೆ ಹೋಗುವ ತಿರುವಿನಲ್ಲಿ, ರಸ್ತೆಗೆ ಅಡ್ಡಲಾಗಿ, ಶಾಲೆಯ ಬೆಂಚುಗಳು ಸಾಲಾಗಿ ನಿಂತಿದ್ದವು. ಮಕ್ಕಳ ಹಿಂದೆ ತಾಯಂದಿರೂ ಕೂತಿದ್ದರು. ಡ್ರೈವರ್ ಹಾರ್ನ್ ಹೊಡೆದ.

"ಪಾಠ ನಡೀತೈತೆ ಕಣಣ್ಣಾ," ಎಂದಳು ಜೊಯಿಲಾ. "ಗಾಡಿ ಆಫ್ ಮಾಡ್ಬುಟ್ಟು ನೀನೂ ಬಂದು ಕುಂತ್ಕೋ."