ಗೋಡೆ ಮೇಜಿನ ಹಿಂದಿನ ಕಾಲು

ಬೀದಿಯವರು ಆ ಬಡಗಿಗೆ ಇಟ್ಟ ಹೆಸರು ನೂಲು ಮೇಸ್ತ್ರಿ. ಬಾಗಿಲಾಗಲಿ ಬೀರುವಾಗಲಿ, ಒಂದು ನೂಲಿನಷ್ಟು ಅಳತೆ ತಪ್ಪಿದರೂ ಬಿಚ್ಚಿ ಮತ್ತೆ ಕೂಡಿಸುವ ಆಸಾಮಿ. ಆ ಹೆಸರು ಕಿವಿಗೆ ಬಿದ್ದಾಗ ಕೇಳಿಸದವನ ಹಾಗೆ ಕೆಲಸ ಮುಂದುವರಿಸುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಬೇಸಿಗೆಯ ಶುರುವಿನಲ್ಲಿ ಒಂದು ಅತ್ತೆ-ಸೊಸೆ ಜೋಡಿ ಅವನ ಅಂಗಡಿಗೆ ಬಂತು. ಮುಂಬಾಗಿಲ ಒಳಗಿನ ಗೋಡೆಗೆ ಒರಗಿಸಿಡಲು ಒಂದು ಅಗಲ ಕಡಿಮೆಯ ಮೇಜು ಬೇಕಿತ್ತು, ಹಳೇ ಶೈಲಿಯದು. ಬೀಗದಕೈ, ಕಾಗದಪತ್ರ, ಒಂದು ದೀಪ ಇಡುವಷ್ಟು. ಮೇಸ್ತ್ರಿ ತನ್ನ ಚಿತ್ರದ ಪುಸ್ತಕ ಬಿಚ್ಚಿದ. ಅರ್ಧಚಂದ್ರಾಕಾರದ ಹಲಗೆಯದೊಂದು. ಮುಂದೆ ಎರಡೇ ಕಾಲಿದ್ದು ಹಿಂಬದಿಯನ್ನು ಗೋಡೆಗೇ ಬಿಗಿಯುವುದೊಂದು. ಉದ್ದಕ್ಕೂ ಗೀರು ಕೊರೆದ ನೇರ ಕಾಲಿನದೊಂದು. ಕೊನೆಯ ಹಾಳೆಯಲ್ಲಿ ಕಲ್ಲಿನ ಹಾಸಿನ ಮೇಜು. ಅದರ ಕಾಲುಗಳು ಮಂಡಿಯ ಹತ್ತಿರ ಉಬ್ಬಿ, ಕಣಕಾಲಿನಲ್ಲಿ ಸಣ್ಣಗಾಗಿ, ಪಾದದಲ್ಲಿ ಮತ್ತೆ ಹೊರಕ್ಕೆ ಬಾಗಿದ್ದವು.

ಅತ್ತೆಯ ಬೆರಳು ನೇರ ಕಾಲಿನ ಮೇಲೆ ನಿಂತಿತು. ತುಂಬು ಮೈಯ ಸೊಸೆಯ ಕಣ್ಣು ಕೊನೆಯ ಹಾಳೆ ಬಿಟ್ಟು ಕದಲಲಿಲ್ಲ.

“ಇದ್ಯಾಕಮ್ಮ, ಕಡ್ಡಿ ಕಾಲು? ಮೇಲೆ ಕಲ್ಲು ಬೇರೆ. ನಿಲ್ಲುತ್ತಾ ಇದು?” ಎಂದರು ಅತ್ತೆ.

ಸೊಸೆ ಮೇಸ್ತ್ರಿಯ ಮುಖ ನೋಡಿದಳು.

“ಬಾಗಿದೆ ಅಂತ ಬಲ ಕಡಿಮೆ ಅಂದ್ಕೋಬೇಡಿ ಅಮ್ಮಾ,” ಎಂದ ಮೇಸ್ತ್ರಿ. “ಮರದ ಎಳೆ ನೋಡಿ ಕೊಯ್ದರೆ ಇದು ಆನೆ ಹೊರುತ್ತೆ. ನನ್ನ ಮಾತು.”

“ಆನೆ ಸಾಕೋದಿಲ್ಲಪ್ಪ ನಾವು,” ಎಂದು ನಕ್ಕು ಅತ್ತೆ ಒಪ್ಪಿಕೊಂಡರು.

ಮೂರು ಕಾಲು ಅಂದುಕೊಂಡ ಹಾಗೇ ಬಂದವು. ನಾಲ್ಕನೆಯದನ್ನು ಎರಡು ದಿನ ಕೆತ್ತಿ ನುಣುಪು ಮಾಡುತ್ತಿದ್ದಾಗ ಕಣಕಾಲಿನ ಬಾಗಿನಲ್ಲೇ ಒಣಗಿದ ಕೊಂಬೆಯ ಸತ್ತ ಗಂಟೊಂದು ಎದ್ದಿತು, ಅದರ ಸುತ್ತ ಕೂದಲೆಳೆಯ ಬಿರುಕು. ಆ ಬಣ್ಣದ ಮರ ಅಂಗಡಿಯಲ್ಲಿ ಮತ್ತೊಂದು ತುಂಡಿರಲಿಲ್ಲ. ಮೇಜು ತಲುಪಿಸುತ್ತೇನೆಂದು ಹೇಳಿದ್ದು ನಾಡಿದ್ದಿಗೆ. ಫೋನ್ ಮಾಡಿ ವಾರ ತಡವಾಗುತ್ತದೆ ಎಂದಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ನೂಲು ಮೇಸ್ತ್ರಿ ಕೊಟ್ಟ ದಿನ ತಪ್ಪಿದವನಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಗಂಟಿಗೆ ಒತ್ತಿದ, ಮೇಣ ತಿಕ್ಕಿದ, ಮೇಲೆ ಮೂರು ಕೈ ಪಾಲಿಶ್ ಎಳೆದ. ಆ ಕಾಲನ್ನು ಹಿಂದಕ್ಕೆ, ಗೋಡೆಯ ಪಕ್ಕಕ್ಕೆ ಜೋಡಿಸಿದ. ನೋಡಿದವರೆಲ್ಲ ಕೈಚಳಕ ಅಂದರೆ ಇದು ಎಂದರು.

ಎರಡು ತಿಂಗಳ ಮೇಲೆ ಆ ಮನೆಯ ಮಗನಿಂದ ಫೋನ್ ಬಂತು. ಮೇಜಿನ ಕಾಲು ಮುರಿದು ಕಲ್ಲು ಜಾರಿತ್ತು, ತಾಯಿಯ ಪಾದದ ಎರಡು ಬೆರಳು ಮುರಿದಿದ್ದವು. “ಯಾವ ಕಾಲು?” ಎಂದು ಮಾತ್ರ ಕೇಳಿದ ಮೇಸ್ತ್ರಿ. ಹಿಂದಿನದು ಎಂದ ಮಗ. ಬಂದು ನೋಡ್ತೀನಿ ಎಂದವನು ಇವತ್ತು ನಾಳೆ ಎಂದು ಹದಿನೈದು ದಿನ ತಳ್ಳಿದ.

ಕೊನೆಗೂ ಹೋದ. ಹಜಾರದಲ್ಲಿ ಅತ್ತೆ ಕಟ್ಟು ಹಾಕಿದ ಪಾದವನ್ನು ದಿಂಬಿನ ಮೇಲಿಟ್ಟು ಕೂತಿದ್ದರು. ಸೊಸೆ ಅವನಿಗೆ ಕುರ್ಚಿ ಎಳೆದು ಕೊಟ್ಟು ತಾನು ಗೋಡೆಗೂ ತಾಗದಂತೆ ನಿಂತಳು. ಕೆನ್ನೆ ಇಳಿದು ಹೋಗಿತ್ತು.

“ಕ್ಷಮಿಸಿ ಮೇಸ್ತ್ರಿ,” ಎಂದಳು. “ಅಷ್ಟು ಚೆನ್ನಾಗಿ ಮಾಡಿ ಕೊಟ್ಟಿದ್ರಿ. ಚಪ್ಪಲಿ ಹಾಕ್ಕೊಳ್ಳುವಾಗ ಸ್ವಲ್ಪ ಒರಗಿದೆ. ನನ್ನ ಭಾರಕ್ಕೆ...”

“‘ಸುಮ್ಮನೆ ಒರಗಿದೆ ಅಷ್ಟೆ, ಕಾಲು ತಾನಾಗೇ ಬಾಗಿತು’ ಅಂದ್ಲು ಮೊದಲು,” ಎಂದರು ಅತ್ತೆ. “ಕುಣೀಲಾರದವಳು ನೆಲ ಡೊಂಕು ಅಂದ ಹಾಗೆ! ನಾನು ಬಡ್ಕೊಂಡೆ, ನೇರ ಕಾಲಿಂದು ತಗೊಳ್ಳೋಣ ಅಂತ. ಚೆಂದ ಬೇಕಿತ್ತು ಇವಳಿಗೆ. ನನ್ನ ಮಗಳು ಆಸ್ಪತ್ರೇಲೇ ಅಂದ್ಲು, ‘ಕಲ್ಲೇ ತಡೀಲಿಲ್ಲ, ಪಾಪ ನಮ್ಮಣ್ಣ’ ಅಂತ. ನರ್ಸೂ ನಕ್ಕಳು.”

ಸೊಸೆಯೂ ನಗಲು ನೋಡಿದಳು. ಆ ನಗೆಯನ್ನು ಮೇಸ್ತ್ರಿಗೆ ನೋಡಲಾಗಲಿಲ್ಲ. ಮುರಿದ ಕಾಲನ್ನು ಕೈಗೆತ್ತಿಕೊಂಡ. ಮುರಿದ ಬಾಯಲ್ಲಿ ಅವನು ತುಂಬಿದ್ದ ಪುಡಿ ಕಪ್ಪಗೆ ಕೂತಿತ್ತು. ತೋರಿಸಿದರೆ ಮಗುವಿಗೂ ಗೊತ್ತಾಗುತ್ತಿತ್ತು. ಅವನ ಕೈ ಅವನನ್ನು ಕೇಳದೆಯೇ ಹೆಗಲ ಟವಲನ್ನು ಎಳೆದು ಕಾಲಿಗೆ ಸುತ್ತಿಬಿಟ್ಟಿತು.

“ಸರಿ ಮಾಡಿ ತರ್ತೀನಿ,” ಎಂದಷ್ಟೇ ಹೇಳಿ ಮೇಜು ಹೊರಿಸಿಕೊಂಡು ಬಂದ.

ಐದು ದಿನ ಕೂತು ಹೊಸ ಕಾಲು ಕೆತ್ತಿದ. ಊಟಕ್ಕೆ ಕೂತರೆ ಆ ಇಳಿದ ಕೆನ್ನೆ ಕಾಣುತ್ತಿತ್ತು. “ಏನಾಗಿದೆ ನಿಮಗೆ, ತಟ್ಟೆ ಮುಂದೆ ಶಾಸ್ತ್ರ ಕೇಳೋಕೆ ಕೂತವರ ಹಾಗೆ?” ಎಂದು ಹೆಂಡತಿ ಕೇಳಿದಳು. ಅವಳಿಗೂ ಹೇಳಲಿಲ್ಲ. ಹೇಳಿದರೆ ಅವಳು ಏನೆನ್ನುತ್ತಾಳೆಂದು ಅವನಿಗೆ ಗೊತ್ತಿತ್ತು. ಆರನೆಯ ದಿನ ಮೇಜಿನ ಜೊತೆಗೆ ಆ ಮುರಿದ ಕಾಲನ್ನೂ ತೆಗೆದುಕೊಂಡು ಹೋದ. ಈ ಸಲ ಟವಲು ಸುತ್ತಿರಲಿಲ್ಲ.

ಅದನ್ನು ಅತ್ತೆಯ ಮುಂದಿಟ್ಟು, ನಿಂತೇ ಹೇಳಿದ. ಗಂಟಿದ್ದದ್ದು, ಪುಡಿ ತುಂಬಿದ್ದು, ಹಿಂದಕ್ಕೆ ತಿರುಗಿಸಿ ಜೋಡಿಸಿದ್ದು. “ಇವರು ಒರಗದಿದ್ರೂ ಇವತ್ತಲ್ಲ ನಾಳೆ ಬೀಳೋದೇ. ಬೆಕ್ಕು ಹಾರಿದ್ರೂ ಬೀಳೋದು. ತಪ್ಪು ನಂದು. ಮೊನ್ನೆ ಬಂದಾಗಲೂ ಗೊತ್ತಿದ್ದು ಸುಮ್ಮನಿದ್ದೆ.”

ಅತ್ತೆ ಬೈಯುತ್ತಾರೆಂದು ಕಾದ. ಅವರು ಮುರಿದ ಕಾಲನ್ನು ತಿರುಗಿಸಿ ನೋಡುತ್ತ ಕೂತುಬಿಟ್ಟರು, ಸೊಸೆಯ ಕಡೆ ಮುಖವೆತ್ತಲಿಲ್ಲ.

ಮಾತಾಡಿದ್ದು ಸೊಸೆ. “ಇಪ್ಪತ್ತೊಂದು ದಿನ,” ಎಂದಳು. ದನಿ ಏರಿರಲಿಲ್ಲ. “ಇಪ್ಪತ್ತೊಂದು ದಿನ ನಾನು ಈ ಮನೇಲಿ ನಡೆಯೋಕೆ ಹೆದರಿದೀನಿ. ದಿನಾ ಒಂದು ಹೊತ್ತು ಊಟ ಬಿಟ್ಟಿದೀನಿ. ಅದನ್ನೇನು ಮಾಡ್ತೀರಿ ಮೇಸ್ತ್ರಿ? ಅದಕ್ಕೂ ಹೊಸ ಕಾಲು ಹಾಕ್ತೀರಾ?”

ನೆಲ ಬಾಯಿಬಿಟ್ಟಿದ್ದರೆ ಅವನು ಅಲ್ಲೇ ಇಳಿದುಬಿಡುತ್ತಿದ್ದ.

“ನನ್ನ ಮುಂದೆ ಹೇಳಿದ್ದು ಸಾಲದು,” ಎಂದು ಅವಳು ಫೋನ್ ಮಾಡಿ ಅವನ ಕೈಗಿತ್ತಳು. ಮೊದಲು ನಾದಿನಿಗೆ. ಮೇಸ್ತ್ರಿ ಮೊದಲಿಂದ ಎಲ್ಲ ಹೇಳಿದ. “ಅಯ್ಯೋ, ನಾನು ತಮಾಷೆಗೆ ಅಂದಿದ್ದು,” ಎಂದಿತು ಆ ಕಡೆಯ ದನಿ. ಆಮೇಲೆ ಕಚೇರಿಯಲ್ಲಿದ್ದ ಗಂಡನಿಗೆ. ಅವನು ಪೂರ್ತಿ ಕೇಳಿ “ಹೂಂ” ಎಂದು ಇಟ್ಟುಬಿಟ್ಟ. ಹೇಳುತ್ತ ಹೇಳುತ್ತ ಸುಲಭವಾಗುತ್ತದೆ ಎಂದುಕೊಂಡಿದ್ದ ಮೇಸ್ತ್ರಿಗೆ ಮಾತು ಇನ್ನಷ್ಟು ಭಾರವಾಗಿತ್ತು.

ಮೂರನೆಯದು ಅವಳ ತಾಯಿಗೆ. ಆಕೆ ನಡುವೆ ಒಂದು ಮಾತೂ ಆಡದೆ ಕೇಳಿದರು. ಮುಗಿದ ಮೇಲೆ ಒಂದೇ ಕೇಳಿದ್ದು, “ಅಲ್ಲೇ ಇದೀರಲ್ಲ ಅಣ್ಣಾ, ನೋಡಿ ಹೇಳಿ. ನನ್ನ ಮಗಳು ಸೊರಗಿದಾಳಾ?”

ಮೇಸ್ತ್ರಿ ತಲೆಯೆತ್ತಿ ಅವಳನ್ನು ನೋಡಿದ. ಅವಳೇ ಕೈಚಾಚಿ ಫೋನ್ ತೆಗೆದುಕೊಂಡು ಒಳಕೋಣೆಗೆ ಹೋದಳು.

“ಮೇಜು ತಗೊಂಡು ಹೋಗಪ್ಪ,” ಎಂದರು ಅತ್ತೆ ನೆಲ ನೋಡುತ್ತ. “ಇದರ ಮುಂದೆ ದಿನಾ ಓಡಾಡೋಕೆ ನನಗೂ ಆಗಲ್ಲ.”

ಆ ರಾತ್ರಿ ಹೆಂಡತಿಗೆ ಹೇಳಿದ. ಅವಳು ಬೈದಳು. ಬೈಸಿಕೊಂಡು ಹಾಯೆನಿಸಿದ್ದಕ್ಕೂ ಅವನಿಗೆ ನಾಚಿಕೆಯಾಯಿತು.

ಮಳೆಗಾಲ ಕಳೆದ ಮೇಲೆ ಸೊಸೆ ಅದೇ ಬೀದಿಗೆ ಬಂದಳು, ಎದುರು ಸಾಲಿನ ಬಡಗಿಯ ಹತ್ತಿರ. ಸಂಜೆ ಆ ಬಡಗಿ ಇವನಲ್ಲಿಗೆ ಬಂದ. “ಬಾಗಿದ ಕಾಲಿನ ಗೋಡೆ ಮೇಜೇ ಬೇಕಂತೆ ಆ ಅಮ್ಮನಿಗೆ. ಹಲಗೆ ನಾನು ಮಾಡ್ತೀನಿ, ಆ ಕಾಲು ನನಗೆ ಬರಲ್ಲ. ನೀನು ಕೆತ್ತಿಕೊಡು ಮಾರಾಯ. ನಿನ್ನ ಹೆಸರು ಎತ್ತಲ್ಲ.”

“ಹೆಸರು ಹೇಳದೆ ಕೆತ್ತಲ್ಲ. ಕೇಳ್ಕೊಂಡು ಬಾ.”

ಮರುದಿನ ಉತ್ತರ ಬಂತು: ಆಗಬಹುದು, ಆದರೆ ಪಾಲಿಶ್ ಹಾಕುವ ಮೊದಲು ತಾನು ನೋಡಬೇಕು.

ಅವಳು ಬಂದದ್ದು ಬೆಳಗಿನ ಬಿಸಿಲಿನಲ್ಲಿ. ಕೆನ್ನೆ ಸ್ವಲ್ಪ ತುಂಬಿತ್ತು. ಬೋಳು ಮರದ ನಾಲ್ಕು ಕಾಲುಗಳನ್ನು ಅಂಗಡಿಯ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಿದ್ದ. ಅಕ್ಕಪಕ್ಕದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಅವಳು ಅವಸರ ಮಾಡಲಿಲ್ಲ. ಒಂದೊಂದನ್ನೇ ಎತ್ತಿ, ತಿರುಗಿಸಿ, ಬಾಗಿನ ಮೇಲೆ ಹೆಬ್ಬೆರಳಿನ ಉಗುರು ಒತ್ತಿದಳು. ಮೂರನೆಯದರಲ್ಲಿ ಉಗುರು ನಿಂತಿತು.

“ಇದೇನು ಚುಕ್ಕೆ?”

“ಮರದ ಕಣ್ಣು ಅಮ್ಮಾ. ಜೀವ ಇರೋ ಗಂಟು, ಸತ್ತದ್ದಲ್ಲ. ಬಹುಶಃ ಏನೂ ಆಗಲ್ಲ.”

“ಬಹುಶಃ?”

ಮೇಸ್ತ್ರಿಯ ಮುಖ ಕಿವಿಯವರೆಗೂ ಕೆಂಪಾಯಿತು. ಅವಳ ಕೈಯಿಂದ ಕಾಲನ್ನು ತೆಗೆದುಕೊಂಡು ಪಕ್ಕಕ್ಕಿಟ್ಟ.

“ಬೇರೆ ಕೆತ್ತಿಕೊಡ್ತೀನಿ. ಒಂದು ವಾರ ತಡ ಆಗುತ್ತೆ.”

“ಆಗಲಿ,” ಎಂದು ಅವಳು ನಾಲ್ಕನೆಯದನ್ನು ಎತ್ತಿಕೊಂಡಳು.