ಏಣಿಯಜ್ಜ ಅಂಟಿಸಿದ ಸೇತುವೆ

ಏಣಿಯಜ್ಜನ ಅಂಗಡಿಯಲ್ಲಿ ಮಾರುವ ಸಾಮಾನು ಒಂದೂ ಇರಲಿಲ್ಲ. ಏಣಿ, ಬಿದಿರಿನ ಗಳ, ಹಲಗೆ, ಹಗ್ಗದ ಸುರುಳಿ, ಎಲ್ಲವೂ ಬಾಡಿಗೆಗೆ. ಮನೆ ಕಟ್ಟುವವರು, ಬಣ್ಣ ಬಳಿಯುವವರು ಬೆಳಿಗ್ಗೆ ಬಂದು ಹೊತ್ತುಕೊಂಡು ಹೋಗುವರು, ಕೆಲಸ ಮುಗಿದ ಮೇಲೆ ತಂದು ಒಪ್ಪಿಸುವರು. ಅಂಗಳದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬರಹ: 'ಸಿಮೆಂಟು ಅಂಟಿದ ಸಾಮಾನು ಒಳಗೆ ಸೇರಿಸುವುದಿಲ್ಲ.' ಯಾರಾದರೂ ಹಾಗೆ ತಂದರೆ ಅಜ್ಜ ಬೈಯುತ್ತಿರಲಿಲ್ಲ. ಬಾಗಿಲ ಪಕ್ಕದ ಕಲ್ಲು ತೋರಿಸಿ, ಕೈಗೊಂದು ಉಳಿ ಕೊಟ್ಟು, "ಕೂತ್ಕೋ ಅಪ್ಪಾ, ಕೆರೆದು ಕೊಟ್ಟು ಹೋಗು" ಅನ್ನುವನು. ಮೀಸೆ ತಿರುವುವ ಮೇಸ್ತ್ರಿಗಳೂ ಆ ಕಲ್ಲಿನ ಮೇಲೆ ಕೂತು ಕೆರೆದಿದ್ದಾರೆ.

ಇಂಥವನ ಮನೆಗೆ ಸೊಸೆ ಒಂದು ಸಂಜೆ ನೀಲಿ ಪೆಟ್ಟಿಗೆಯೊಂದನ್ನು ತಂದಿಟ್ಟಳು. ಸೊಸೆ ಬಸ್ಸು ಓಡಿಸುವವಳು. ಅವಳ ಬಸ್ಸಿನ ಕೊನೆಯ ನಿಲ್ದಾಣದ ಎದುರಿಗೇ ಹೊಸದಾಗಿ ಒಂದು ಆಟಿಕೆ ಅಂಗಡಿ ಬಂದಿತ್ತು. ಪೆಟ್ಟಿಗೆಯ ತುಂಬ ಒಂದಕ್ಕೊಂದು ಕಚ್ಚಿಕೊಳ್ಳುವ ಬಣ್ಣದ ತುಂಡುಗಳು, ಉದ್ದುದ್ದ ಪಟ್ಟಿ, ಗಾಲಿ, ಹಲ್ಲಿನ ಚಕ್ರ. ಮನೆ ಬೇಕೆಂದರೆ ಮನೆ ಕಟ್ಟಬಹುದು, ಗಾಡಿ ಬೇಕೆಂದರೆ ಗಾಡಿ.

"ತಿಂಗಳಿಗೊಂದು ಪೆಟ್ಟಿಗೆ ಮಾವ. ಆಡಿ ವಾಪಸು ಕೊಟ್ರೆ ಬೇರೆ ಪೆಟ್ಟಿಗೆ ಕೊಡ್ತಾರೆ. ಚಂದಾ ಕಟ್ಟಿ ಬಂದೆ" ಅಂದಳು.

ಅಜ್ಜ ಕನ್ನಡಕ ಹಣೆಗೇರಿಸಿದ. "ಮಗುವಿನ ಆಟದ ಸಾಮಾನು, ಬಾಡಿಗೆಗಾ?"

"ಹೂಂ ಮಾವ."

"ಕೊಟ್ಟು ಕಿತ್ಕೊಳ್ಳೋದು ಯಾವ ಸೀಮೆ ಪ್ರೀತಿನಮ್ಮಾ? ಕೊಂಡ್ರೆ ಮನೇಲಿರುತ್ತೆ. ನಾಳೆ ಮೊಮ್ಮಗಳ ಮಗಳೂ ಆಡ್ತಾಳೆ."

ಬಟ್ಟೆ ಮಡಿಸುತ್ತಿದ್ದ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಕೇಳಿದ್ಯಾ ಸೊಸೆಮುದ್ದು? ಜೀವಮಾನವೆಲ್ಲ ಬಾಡಿಗೆ ಅನ್ನ ಉಂಡೋರ ಮಾತು! ಮೀನು ಬಂದು ನೀರಿಂದ ನೆಗಡಿ ಆಗುತ್ತೆ ಅಂದ ಹಾಗಾಯ್ತು."

"ಲೇ, ಏಣಿ ಬೇರೆ, ಮಗು ಬೇರೆ. ಏಣಿ ವಾಪಸು ಕೊಡೋವಾಗ ಮೇಸ್ತ್ರಿ ಅಳ್ತಾನೇನೆ?"

"ಕೊಂಡಿದ್ದೆಲ್ಲ ಎಲ್ಲಿದೆ, ಒಂದ್ಸಲ ಬಗ್ಗಿ ನೋಡಿ ಮಾವ" ಎಂದು ಸೊಸೆ ಮಂಚದ ಕೆಳಗೆ ಬೆರಳು ತೋರಿಸಿದಳು. ಅಲ್ಲಿ ಗಾಲಿ ಕಳಚಿದ ಲಾರಿ, ಒಕ್ಕಣ್ಣಿನ ಕರಡಿ, ಕೀಲಿ ಕೊಟ್ಟರೂ ಕುಣಿಯದ ಕೋತಿ, ಎಲ್ಲ ಧೂಳು ಹೊದ್ದು ಮಲಗಿದ್ದವು. ಕೊಂಡು ತಂದ ವಾರ ಆಡಿದ್ದು, ಆಮೇಲೆ ಪೊರಕೆ ತಗುಲಿದಾಗಲೆಲ್ಲ ಅಜ್ಜಿಯ ಬೈಗುಳ ತಿಂದದ್ದು, ಅಷ್ಟೇ ಅವುಗಳ ಭಾಗ್ಯ. ಅಜ್ಜ ಬಗ್ಗಿ ನೋಡಿ ಎದ್ದ. "ಒಂದು ತಿಂಗಳು ನೋಡೋಣ" ಅಂದ. ಮನಸ್ಸು ಮಾತ್ರ ಒಪ್ಪಲಿಲ್ಲ.

ಪೆಟ್ಟಿಗೆ ಬಂದದ್ದು ಯಾರಿಗಾಗಿಯೋ, ಆ ಮೊಮ್ಮಗಳಿಗೆ ಮನೆಯಲ್ಲಿ ಚಿನಕುರುಳಿ ಅಂತಲೇ ಹೆಸರು. ಎರಡನೇ ತರಗತಿ. ಬಾಯಿ ಮಾತ್ರ ಹತ್ತನೇ ತರಗತಿ. ಪೆಟ್ಟಿಗೆಯ ಮುಚ್ಚಳದ ಒಳಗೆ ಮುಂದಿನ ತಿಂಗಳ ಪೆಟ್ಟಿಗೆಯ ಚಿತ್ರವಿತ್ತು: ದಾರ ಸುತ್ತಿ ಭಾರ ಎತ್ತುವ ಕ್ರೇನು. ಅದನ್ನು ನೋಡಿದ ದಿನದಿಂದ ಅವಳಿಗೆ ಅದೇ ಧ್ಯಾನ. "ತುಂಡೆಲ್ಲ ತಗೊಂಡು ಹೋದ ಹಾಗೇ ವಾಪಸು ಬರ್ಬೇಕಂತೆ ಅಜ್ಜಾ, ಆಗ್ಲೇ ಕ್ರೇನು ಕೊಡೋದಂತೆ" ಎಂದು ದಿನಾ ಒಪ್ಪಿಸುವಳು. ಆಡಿದ ಮೇಲೆ ಮಂಚದ ಕೆಳಗೆಲ್ಲ ತೆವಳಿ, ಒಂದೊಂದು ತುಂಡನ್ನೂ ಹುಡುಕಿ ಪೆಟ್ಟಿಗೆಗೆ ಹಾಕುವಳು. ಕೊಂಡ ಲಾರಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ತಿಂಗಳು ಮುಗಿಯುವ ಹೊತ್ತಿಗೆ ಅವಳು ಕಿಟಕಿಯ ಕಟ್ಟೆಯಿಂದ ಮಂಚದವರೆಗೆ ಸೇತುವೆ ಕಟ್ಟಲು ಹೊರಟಳು. ಎರಡು ಕಡೆಯಿಂದಲೂ ಚೆನ್ನಾಗಿ ಬಂತು. ನಡುವೆ ಕೂಡಿಸಿ ಕೈ ಬಿಟ್ಟದ್ದೇ ತಡ, ಹೊಟ್ಟೆ ಜೋತು, ಬಳಬಳ ಉದುರಿತು. ಮತ್ತೆ ಕಟ್ಟಿದಳು. ಮತ್ತೆ ಉದುರಿತು. ಅತ್ತಿದ್ದರೆ ಅಜ್ಜನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ. ಅವಳು ಅಳಲಿಲ್ಲ. ತುಟಿ ಬಿಗಿಹಿಡಿದು ತುಂಡುಗಳನ್ನು ಆರಿಸಿದಳು, ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಮಾರನೆಯ ದಿನ ಅವಳು ಶಾಲೆಗೆ ಹೋಗಿದ್ದಳು. ಅಜ್ಜಿ ಪಕ್ಕದ ಮನೆಗೆ ಹೋಗಿದ್ದಳು. ಅಜ್ಜ ಅಂಗಡಿಯಿಂದ ಬಿಳಿ ಅಂಟಿನ ಡಬ್ಬಿ ತಂದ. ಸೀಳಿದ ಏಣಿಮೆಟ್ಟಿಲಿಗೆ ಹಚ್ಚುವ ಅಂಟು ಅದು. ಮಂಡಿ ಊರಿ, ತುಂಡಿಗೆ ತುಂಡು ಸೇರುವ ಒಂದೊಂದು ಕೂಡಿಗೂ ಬೆರಳಿನಿಂದ ಸವರಿ ಸೇತುವೆ ನಿಲ್ಲಿಸಿದ. 'ಇನ್ನು ಆನೆ ನಡೆದರೂ ಬೀಳದು' ಎಂದು ತನಗೆ ತಾನೇ ಹೇಳಿಕೊಂಡು, ಬೆನ್ನು ಹಿಡಿದುಕೊಂಡು ಎದ್ದ.

ಸಂಜೆ ಚಿನಕುರುಳಿ ಚೀಲ ಬಿಸಾಡಿ ಕುಣಿದಳು. ಸೇತುವೆಯ ಮೇಲೆ ಗಾಡಿ ಓಡಿಸಿದಳು, ಲೋಟ ಇಟ್ಟಳು, ಒಕ್ಕಣ್ಣಿನ ಕರಡಿಯನ್ನೂ ಕರೆತಂದು ನಡೆಸಿದಳು. ಅಜ್ಜ ಬಾಗಿಲಲ್ಲಿ ನಿಂತು ಉಬ್ಬಿಹೋದ.

"ಈಗ ಮಧ್ಯದಲ್ಲಿ ಬಿಚ್ಚಿ ಎತ್ತರ ಮಾಡ್ತೀನಿ. ಕೆಳಗೆ ಹಡಗು ಹೋಗ್ಬೇಕು" ಎಂದು ಅವಳು ಎಳೆದಳು. ಬರಲಿಲ್ಲ. ತಿರುಚಿದಳು. ಹಲ್ಲು ಹಾಕಿದಳು. "ಅಜ್ಜಾ, ಇದು ಬಿಡ್ತಾನೇ ಇಲ್ಲ!"

ಅಜ್ಜ ಛಾವಣಿ ನೋಡಿದ. ಅವಳು ತುಂಡನ್ನು ಮೂಗಿಗೆ ಹಿಡಿದಳು. "ಏಣಿ ವಾಸನೆ ಬರ್ತಿದೆ."

"ಬೀಳಬಾರದು ಅಂತ, ಒಂಚೂರು..."

ಮಗು ಮುಚ್ಚಳದ ಕ್ರೇನು ನೋಡಿತು. ಆಮೇಲೆ ಅಜ್ಜನನ್ನು ನೋಡಿತು. "ನಿನ್ನ ಗೋಡೆ ಮೇಲೆ ನೀನೇ ಬರೆಸಿದ್ದೀಯಲ್ಲ ಅಜ್ಜಾ, ಅಂಟಿದ ಸಾಮಾನು ಒಳಗೆ ಸೇರಿಸಲ್ಲ ಅಂತ. ಅವರೂ ಸೇರಿಸದೇ ಇದ್ರೆ?"

ಅಜ್ಜ ಬೆರಳಿಗೆ ಮೆತ್ತಿದ್ದ ಅಂಟು ಕೆರೆದುಕೊಂಡ. ಗೋಡೆ ಕೆಲಸಕ್ಕೆ ಹತ್ತಿ ನಿಲ್ಲಲು ಗಳ, ಹಲಗೆಗಳ ಸಾರುವೆ ಕಟ್ಟುವವರಿಗೆಲ್ಲ ಅವನು ಹೇಳುತ್ತಿದ್ದ ಮಾತು ಒಂದೇ: "ಮೊಳೆ ಹೊಡೀಬೇಡ, ಹಗ್ಗ ಬಿಗಿ. ಬಿಚ್ಚೋಕೆ ಬರದಿದ್ರೆ ಅದು ಸಾರುವೆಯೇ ಅಲ್ಲ." ಊರಿಗೆಲ್ಲ ಹೇಳಿದ ಬುದ್ಧಿ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿರಲಿಲ್ಲ.

"ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ" ಎಂದು ಅಜ್ಜಿ ಬಿಸಿನೀರು ಕಾಯಿಸಿ ಕೊಟ್ಟಳು. ಸೊಸೆ ಬಂದು ನೋಡಿ, ನಗು ನುಂಗಿ, "ಬೇಡ ಅನ್ನೋಕೆ ಈ ಉಪಾಯ ಹೂಡಿದ್ರಾ ಮಾವ?" ಅಂದಳು. ತಮಾಷೆಗೇ ಅಂದದ್ದು. ಆದರೂ ಅಜ್ಜನಿಗೆ ಮುಳ್ಳು ಚುಚ್ಚಿದಂತಾಯಿತು. ನೀರಿನಲ್ಲಿ ನೆನೆದು ಕೆಲವು ಕೂಡು ಬಿಟ್ಟವು. ನಡುವಿನವು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ. ಪೆಟ್ಟಿಗೆ ಒಪ್ಪಿಸಬೇಕಾದ ದಿನ ಮಾರನೆಯದೇ.

"ನಾನೇ ಹೋಗಿ ಕೊಡ್ತೀನಿ" ಅಂದ ಅಜ್ಜ.

ಸೊಸೆ ಓಡಿಸುವ ಬಸ್ಸಿನಲ್ಲೇ ಅಜ್ಜ, ಮೊಮ್ಮಗಳು ಮುಂದಿನ ಸೀಟಿನಲ್ಲಿ ಕೂತರು. ಪೆಟ್ಟಿಗೆ ಅಜ್ಜನ ತೊಡೆಯ ಮೇಲೆ. ಅರ್ಧ ದಾರಿಯಲ್ಲಿ ಚಿನಕುರುಳಿ ಅವನ ಕಿವಿಗೆ ಬಾಯಿಟ್ಟಳು. "ನಾನೇ ಅಂಟಿಸ್ದೆ ಅಂತ ಹೇಳ್ಲಾ? ಮಕ್ಕಳಾದ್ರೆ ಬೈಯಲ್ಲ."

"ಬೇಡ ಚಿನ್ನಾ. ನನ್ನ ತಪ್ಪು ನನಗಿರಲಿ. ನಿಂದು ನಿನಗೆ ಮುಂದೆ ಬೇಕಾದಷ್ಟು ಸಿಗುತ್ತೆ."

ಆಟಿಕೆ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಪೆಟ್ಟಿಗೆಗಳ ಸಾಲು. ಹಿಂದಿನ ಕೋಣೆಯಲ್ಲಿ ತೊಳೆದ ತುಂಡುಗಳು ಬಿಳಿ ಬಟ್ಟೆಯ ಮೇಲೆ ಒಣಗುತ್ತಿದ್ದವು. ತೋಳು ಮಡಿಸಿಕೊಂಡಿದ್ದ ಅಂಗಡಿಯಾಕೆ ಪೆಟ್ಟಿಗೆ ತೆರೆದಳು, ಒಂದು ತುಂಡಿನ ಅಂಚನ್ನು ಉಗುರಿನಿಂದ ತಟ್ಟಿದಳು.

"ಮಕ್ಕಳ ಕೆಲಸಾನಾ ಅಜ್ಜಾ?"

"ಅಲ್ಲ ತಾಯಿ. ಮುದುಕನ ಕೆಲಸ. ಮಗು ಒಂದು ತುಂಡೂ ಕಳೆದಿಲ್ಲ, ಎಣಿಸಿ ನೋಡಿ."

ಆಕೆ ಕೌಂಟರಿನ ಕೆಳಗಿಂದ ಬುಟ್ಟಿಯೊಂದನ್ನು ಎಳೆದಳು. ಅದರಲ್ಲಿ ಟೇಪು ಸುತ್ತಿದ ಕಾರು, ತಂತಿ ಬಿಗಿದ ಗೋಪುರ, ಮೊಳೆ ಹೊಡೆದ ಮನೆ. "ನೋಡಿ. ಮಕ್ಕಳು ಕಳೀತಾರೆ, ಅಷ್ಟೇ. ಅಂಟಿಸೋರು, ಮೊಳೆ ಹೊಡೆಯೋರು, ಎಲ್ಲ ದೊಡ್ಡೋರು. ಬೀಳಬಾರದು ಅಂತ ಪಾಪ! ಬೀಳ್ಲಿ ಬಿಡಿ ಅಜ್ಜಾ. ಬಿದ್ರೆ ತಾನೇ ಆಟ?"

ಚಿನಕುರುಳಿ ಕೌಂಟರಿನ ಅಂಚು ಹಿಡಿದು ತುದಿಗಾಲಲ್ಲಿ ನಿಂತಳು. "ಹಾಗಾದ್ರೆ ಕ್ರೇನು?"

"ಅದೇ ಪುಟ್ಟಾ ಕಷ್ಟ. ಅಂಟಿದ ಸಾಮಾನು ಒಳಗೆ ಸೇರಿಸೋ ಹಾಗಿಲ್ಲ."

ತನ್ನ ಗೋಡೆಯ ಬರಹ ಇನ್ನೊಬ್ಬರ ಬಾಯಲ್ಲಿ ಕೇಳಿ ಅಜ್ಜನಿಗೆ ಮೊದಲು ಮುಖ ಬಿಸಿಯಾಯಿತು. ಆಮೇಲೆ, ಯಾಕೋ ಏನೋ, ಹೊಟ್ಟೆಯೊಳಗಿಂದ ನಗು ಬಂತು. "ಕೂತ್ಕೊಳ್ಳೋಕೆ ಒಂದು ಕಲ್ಲಿದೆಯಾ ತಾಯಿ?" ಅಂದ.

"ಕಲ್ಲಾ?"

ಅಜ್ಜ ತನ್ನ ಅಂಗಡಿಯ ಕಲ್ಲಿನ ಕಥೆ ಹೇಳಿದ. ಆಕೆ ಬಿದ್ದು ಬಿದ್ದು ನಕ್ಕಳು. ಹಿಂದಿನ ಕೋಣೆಯಲ್ಲಿ ಒಂದು ಸ್ಟೂಲು ಹಾಕಿದಳು. ಒಂದು ಬೋಗುಣಿ ಬಿಸಿನೀರು, ಕೈಗೊಂದು ತೆಳ್ಳನೆಯ ಮರದ ಚಕ್ಕೆ ಕೊಟ್ಟಳು. "ಉಳಿ ಕೊಡಲ್ಲ, ಗೀರು ಬೀಳುತ್ತೆ. ಬಿಡಿಸಿ ಕೊಡಿ, ಕ್ರೇನು ತಗೊಂಡು ಹೋಗಿ."

ಅಜ್ಜ ಕನ್ನಡಕ ಮೂಗಿಗಿಳಿಸಿ ಕೂತ. ನೀರು ಆರಿದರೆ ಆಕೆ ಬದಲಾಯಿಸುವಳು. ಇವನು ಚಕ್ಕೆ ತೂರಿಸುವನು, ಉಸಿರು ಬಿಗಿಹಿಡಿದು ಮೀಟುವನು. ಕೊನೆಯ ಕೂಡು 'ಟಪ್' ಎಂದು ಬಿಟ್ಟಾಗ ಅಂಗಡಿಯಲ್ಲಿದ್ದ ಮೂವರೂ ಒಟ್ಟಿಗೆ "ಹಾ!" ಅಂದರು. ಅಷ್ಟಕ್ಕೇ ಏಳಬಹುದಿತ್ತು. ಕೈಗೆ ರುಚಿ ಹತ್ತಿತ್ತು. "ಆ ಬುಟ್ಟಿನೂ ಇತ್ತ ತಳ್ಳಿ ತಾಯಿ" ಅಂದ.

ಚಿನಕುರುಳಿ ಅಲ್ಲೇ ನೆಲದ ಮೇಲೆ ಕ್ರೇನಿನ ಪೆಟ್ಟಿಗೆ ಬಿಚ್ಚಿದಳು. ಕಂಬ ನಿಲ್ಲಿಸಿ ದಾರ ಎಳೆದಳು. ಕಂಬ ವಾಲಿ ಬಿತ್ತು. ಅಜ್ಜನ ಕೈ ತಾನಾಗಿಯೇ ಮುಂದೆ ಹೋಯಿತು. ಅವನು ಅದನ್ನು ಹಿಂದಕ್ಕೆಳೆದು ಬೋಗುಣಿಯಲ್ಲಿ ಅದ್ದಿದ.

"ಅಂಟು ತರ್ಲಾ?" ಅಂದ.

"ಬೇಡಪ್ಪಾ!" ಎಂದು ಅವಳು ಎರಡೂ ಕೈ ಅಡ್ಡ ಹಿಡಿದಳು. ಮತ್ತೆ ನಿಲ್ಲಿಸಿದಳು, ಮತ್ತೆ ಬಿತ್ತು. ಬಿದ್ದ ಕಂಬವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಜ್ಜಾ, ನಮ್ಮ ಅಂಗಡಿ ಮೇಸ್ತ್ರಿಗಳು ಉದ್ದ ಗಳಗಳಿಗೆ ಓರೆಯಾಗಿ ಒಂದು ಗಳ ಕಟ್ತಾರಲ್ಲ, ಅದ್ಯಾಕೆ?"

"ಯಾಕಿರಬಹುದು?"

ಅವಳು ಪೆಟ್ಟಿಗೆ ಕೆದಕಿದಳು. ಉದ್ದದ ಪಟ್ಟಿಯೊಂದನ್ನು ಹುಡುಕಿ ಓರೆಯಾಗಿ ಕೂಡಿಸಿದಳು. ಇನ್ನೊಂದು ಬದಿಗೂ ಕೂಡಿಸಿದಳು. ದಾರ ಎಳೆದಳು. ಅಜ್ಜನ ಕನ್ನಡಕದ ಡಬ್ಬಿ ನೆಲ ಬಿಟ್ಟು, ತೂಗಾಡುತ್ತಾ, ಗಾಳಿಯಲ್ಲಿ ನಿಂತಿತು.

ರಾತ್ರಿ ಊಟಕ್ಕೆ ಕೂತಾಗ ಸೊಸೆ ಕಣ್ಣು ಮಿಟುಕಿಸಿ ಕೇಳಿದಳು, "ಮುಂದಕ್ಕೆ ಚಂದಾ ನಿಲ್ಲಿಸಿಬಿಡ್ಲಾ ಮಾವ? ಕೊಟ್ಟು ಕಿತ್ಕೊಳ್ಳೋ ಪ್ರೀತಿ ಯಾಕೆ?"

"ನಿಲ್ಲಿಸಬೇಡಮ್ಮಾ. ಗಳ ತಗೊಂಡು ಹೋದೋನು ಗಳ ವಾಪಸು ತರ್ತಾನೆ. ಕಟ್ಟಿದ ಮನೆಯನ್ನೂ ಹೊತ್ಕೊಂಡು ಬರ್ತಾನಾ? ಇವಳು ಕಲಿತದ್ದು ಇವಳ ಹತ್ರಾನೇ ಇರುತ್ತೆ."

"ಇದನ್ನು ತಿಳ್ಕೊಳ್ಳೋಕೆ ಒಂದು ಡಬ್ಬಿ ಅಂಟು ಬೇಕಾಯ್ತು" ಎಂದು ಅಜ್ಜಿ ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಮುಂದಿನ ತಿಂಗಳು ಕ್ರೇನು ಬಿಚ್ಚುವ ದಿನ ಚಿನಕುರುಳಿ ಹಾಡಿಕೊಂಡು ಬಿಚ್ಚಿದಳು. ಮುಖ ಸಣ್ಣದಾದದ್ದು ಅಜ್ಜನದು. "ಇನ್ನೊಂದು ದಿನ ಇಟ್ಕೊಂಡ್ರೆ ಏನಾಗುತ್ತೆ?" ಎಂದು ಕೇಳಿ, ಮೊಮ್ಮಗಳಿಂದಲೇ ಬೈಸಿಕೊಂಡ.

ಮರುದಿನ ಒಬ್ಬ ಮೇಸ್ತ್ರಿ ಸಿಮೆಂಟು ಮೆತ್ತಿದ ಹಲಗೆ ತಂದ. ಹೇಳುವ ಮೊದಲೇ ಹೋಗಿ ಕಲ್ಲಿನ ಮೇಲೆ ಕೂತ. ಅಜ್ಜ ಅವನಿಗೆ ಉಳಿ ಕೊಟ್ಟ. ಆಮೇಲೆ ಒಳಗೆ ಹೋಗಿ ಇನ್ನೊಂದು ಉಳಿ ತಂದು, ಮೆಟ್ಟಿಲ ಮೇಲೆ ಕೂತು, ಹಲಗೆಯ ಆ ತುದಿಯಿಂದ ತಾನೂ ಕೆರೆಯತೊಡಗಿದ.

"ಅಯ್ಯೋ, ನೀವ್ಯಾಕೆ ಯಜಮಾನ್ರೇ?"

"ಸುಮ್ನೆ ಕೆರಿ ಮಾರಾಯಾ" ಅಂದ ಅಜ್ಜ. "ಒಬ್ಬನೇ ಕೂತ್ರೆ ಸೊಂಟ ನೋಯುತ್ತೆ. ನನಗೆ ಗೊತ್ತು."